ಮೊದಲು ಓಡೋಮೆಟ್ರಿ ಅಧ್ಯಾಯ ತೆಗೆಯಿರಿ

ಕಾರವಾರ, 6 ಜುಲೈ 2025, ಭಾನುವಾರ

ಲ್ಯಾಬಿಗೆ ಮೊಬೈಲ್ ರೋಬಾಟಿಕ್ಸ್‌ನ, ಅಂದರೆ ಓಡಾಡುವ ರೋಬಾಟ್‌ಗಳ, ಪ್ರವೇಶ ಪುಸ್ತಕವೊಂದು ಬೇಕಾಗಿದೆ. ಓದುವವರಲ್ಲಿ ಪಿಯುಸಿಯಿಂದ ಬಂದವರೂ ಇದ್ದಾರೆ, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದವರೂ ಇದ್ದಾರೆ. ಯಾವ ಪುಸ್ತಕವಾದರೂ ಸರಿ, ಮಂಗಳನ ಮೇಲಿನ ರೋವರ್ ಚಿತ್ರ, ಮುನ್ನುಡಿ, ರೋಬಾಟ್‌ಗಳ ಇತಿಹಾಸ ಎಲ್ಲ ದಾಟಿ ನೇರ ಓಡೋಮೆಟ್ರಿ ಅಧ್ಯಾಯಕ್ಕೆ ಹೋಗುವುದು ಒಳ್ಳೆಯದು. ಚಕ್ರ ಎಷ್ಟು ಸುತ್ತಿತು ಎಂಬ ಎಣಿಕೆಯಿಂದ ರೋಬಾಟ್ ಗಾಡಿ ಎಲ್ಲಿದೆ ಎಂದು ಲೆಕ್ಕ ಹಾಕುವ ಭಾಗ ಅದು. ಬರೆದವರು ಗಾಡಿ ಓಡಿಸಿ ನೋಡಿದ್ದಾರೋ, ಬರೀ ಸೂತ್ರ ಇಳಿಸಿದ್ದಾರೋ ಅಲ್ಲೇ ತಿಳಿಯುತ್ತದೆ.

ಸೂತ್ರ ಸಣ್ಣದು. ಬಲಚಕ್ರ ಹೋದ ದೂರದಲ್ಲಿ ಎಡಚಕ್ರದ ದೂರ ಕಳೆದು, ಚಕ್ರಗಳ ನಡುವಿನ ಅಂತರದಿಂದ ಭಾಗಿಸಿದರೆ ತಿರುಗಿದ ಕೋನ, ರೇಡಿಯನ್‌ನಲ್ಲಿ. ಎರಡರ ಸರಾಸರಿ, ಮುಂದೆ ಹೋದ ದೂರ. ಇಷ್ಟು ಎಲ್ಲ ಪುಸ್ತಕದಲ್ಲೂ ಇರುತ್ತದೆ. ನೋಡಬೇಕಾದದ್ದು ಮುಂದಿನ ಪುಟ: ಅಲ್ಲಿ ಮಿಲಿಮೀಟರ್ ಇದೆಯೋ ಇಲ್ಲವೋ.

ಅಗ್ಗದ ಗಾಡಿಯ ಹಳದಿ ಮೋಟಾರಿಗೆ 65 ಮಿ.ಮೀ. ಚಕ್ರ, 20 ಸೀಳಿನ ಎನ್‌ಕೋಡರ್ ತಟ್ಟೆ (ಚಕ್ರದ ಜೊತೆ ತಿರುಗುವ ಇದರ ಸೀಳುಗಳನ್ನು ಸೆನ್ಸರ್ ಎಣಿಸುತ್ತದೆ). ಒಂದು ಸೀಳು ಎಂದರೆ 10.2 ಮಿ.ಮೀ. ಚಕ್ರಗಳ ಅಂತರ 140 ಮಿ.ಮೀ. ಆದರೆ, ಒಂದೇ ಒಂದು ಸೀಳು ತಪ್ಪಿದರೂ ಕೋನದಲ್ಲಿ 4.2 ಡಿಗ್ರಿ ಹೋಯಿತು. ಸಾಲದ್ದಕ್ಕೆ ಒಂದೇ ಸೆನ್ಸರ್ ಇರುವುದರಿಂದ ಚಕ್ರ ಮುಂದೆ ಹೋಯಿತೋ ಹಿಂದೆ ಬಂತೋ ಅದಕ್ಕೆ ಗೊತ್ತಾಗುವುದಿಲ್ಲ. ಈ ತಟ್ಟೆಯ ಮೇಲೆ ಓಡೋಮೆಟ್ರಿ ಕಲಿಸಲು ಹೊರಟ ಪುಸ್ತಕ ಈ ಎರಡು ಮಾತು ಹೇಳದಿದ್ದರೆ ಮುಚ್ಚಿಡಬಹುದು.

ಎನ್20 ಎಂಬ ಪುಟ್ಟ ಮೋಟಾರಿನ ಹಿಂದೆ ಕೂರುವ ಮ್ಯಾಗ್ನೆಟ್ ಎನ್‌ಕೋಡರ್ ಎಷ್ಟೋ ವಾಸಿ. ಮೋಟಾರಿನ ಒಂದು ಸುತ್ತಿಗೆ 7 ಪಲ್ಸ್, ಎರಡು ಚಾನೆಲ್‌ನಲ್ಲೂ ಪಲ್ಸ್ ಏರುವ, ಇಳಿಯುವ ಎಲ್ಲ ಅಂಚು ಎಣಿಸಿದರೆ 28, 1:50 ಗೇರ್ ಸೇರಿದರೆ ಚಕ್ರದ ಒಂದು ಸುತ್ತಿಗೆ 1400. 43 ಮಿ.ಮೀ. ಚಕ್ರಕ್ಕೆ ಒಂದು ಎಣಿಕೆ ಎಂದರೆ 0.1 ಮಿ.ಮೀ.ಗೂ ತುಸು ಕಡಿಮೆ. ಆದರೆ ಇಲ್ಲಿ ಬೇರೆಯೇ ಹೊಂಡವಿದೆ. ಗಾಡಿಯ ಪ್ರೋಗ್ರಾಂ ಓಡುವ ಆರ್ಡುಯಿನೋ ಊನೋ ಬೋರ್ಡಿನಲ್ಲಿ ‘ಇಂಟ್’ ಎಂಬ ಪೂರ್ಣಾಂಕ 16 ಬಿಟ್, 32,767ರ ಮೇಲೆ ಹೋಗದು. 1400ರ ಲೆಕ್ಕದಲ್ಲಿ ಅದು 23.4 ಸುತ್ತು, ಅಂದರೆ 3.16 ಮೀಟರ್. ಅಲ್ಲಿಗೆ ಬಂದದ್ದೇ ಎಣಿಕೆ ಮೈನಸ್ 32,768ಕ್ಕೆ ಹಾರುತ್ತದೆ. ಒಟ್ಟು ಎಣಿಕೆಯಿಂದ ದೂರ ತೆಗೆಯುವ ಪ್ರೋಗ್ರಾಂ ಆದರೆ ಗಾಡಿ ಇದ್ದಕ್ಕಿದ್ದಂತೆ ಹಿಂದಿನ ಗೋಡೆಯಾಚೆ ಇದೆ ಎನ್ನುತ್ತದೆ. ಮೇಜಿನ ಮೇಲೆ ಪರೀಕ್ಷಿಸಿದರೆ ಸಿಗುವುದೇ ಇಲ್ಲ, ಕಾರಿಡಾರಿನಲ್ಲಿ ಬಿಟ್ಟಾಗಲೇ ಸಿಗುವುದು. ನಾಲ್ಕು ಬೈಟ್‌ನ ‘ಲಾಂಗ್’ ಬಳಸಬೇಕು, ‘ವೊಲಟೈಲ್’ (ಯಾವಾಗ ಬೇಕಾದರೂ ಬದಲಾಗುವಂಥದ್ದು) ಎಂದು ಘೋಷಿಸಬೇಕು, ಓದುವ ಕ್ಷಣ ಇಂಟರಪ್ಟ್ (ನಡುವೆ ನುಗ್ಗಿ ಎಣಿಕೆ ಏರಿಸುವ ಕರೆ) ನಿಲ್ಲಿಸಬೇಕು. ಊನೋ 8 ಬಿಟ್‌ನದು, ನಾಲ್ಕು ಬೈಟ್ ಓದುವ ನಡುವೆ ಸಂಖ್ಯೆ ಬದಲಾದರೆ ಅರ್ಧ ಹಳೆಯದು ಅರ್ಧ ಹೊಸದು ಬರುತ್ತದೆ. ಪುಸ್ತಕದ ಮಾದರಿ ಪ್ರೋಗ್ರಾಂನಲ್ಲಿ ಈ ಮೂರೂ ಇವೆಯೇ ಎಂದು ನೋಡಲು ಎರಡು ನಿಮಿಷ ಸಾಕು.

ಇನ್ನು ತಪ್ಪಿನ ವಿಚಾರ. ಚಕ್ರಗಳ ಅಂತರ 140 ಎಂದು ಬರೆದು, ನಿಜಕ್ಕೂ 145 ಇದ್ದರೆ (ರಬ್ಬರು ಅಗಲವಿದ್ದಾಗ ನೆಲಕ್ಕೆ ತಾಗುವ ಜಾಗ ಯಾವುದೆಂದು ಸ್ಕೇಲಿನಲ್ಲಿ ಅಳೆಯಲಾಗದು) 90 ಡಿಗ್ರಿ ತಿರುಗು ಎಂದರೆ 86.9 ತಿರುಗುತ್ತದೆ. ನಾಲ್ಕು ಮೂಲೆಗೆ 12 ಡಿಗ್ರಿಗೂ ಹೆಚ್ಚು. ಚಕ್ರಗಳ ವ್ಯಾಸದ ವ್ಯತ್ಯಾಸ ಇದಕ್ಕಿಂತ ಕೆಟ್ಟದ್ದು. 43 ಮಿ.ಮೀ.ಯಲ್ಲಿ ಶೇ 1 ಎಂದರೆ ಅರ್ಧ ಮಿಲಿಮೀಟರೂ ಅಲ್ಲ, ಅಷ್ಟಕ್ಕೇ 4 ಮೀಟರ್ ನೇರ ಓಟದಲ್ಲಿ ಗಾಡಿ ಸುಮಾರು 16 ಡಿಗ್ರಿ ಪಕ್ಕಕ್ಕೆ ತಿರುಗಿಬಿಡುತ್ತದೆ.

ಈ ತಪ್ಪುಗಳನ್ನು ಅಳೆಯಲು ಬೋರೆನ್‌ಸ್ಟೈನ್ ಮತ್ತು ಫೆಂಗ್ ಎಂಬ ಸಂಶೋಧಕರು 1990ರ ದಶಕದಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಚೌಕದ ಪರೀಕ್ಷೆ ಇದೆ: 4 ಮೀಟರ್ ಚೌಕ, ಪ್ರದಕ್ಷಿಣೆ ಐದು ಸಲ, ಅಪ್ರದಕ್ಷಿಣೆ ಐದು ಸಲ, ಪ್ರತಿ ಸಲ ಗಾಡಿ ನಿಂತ ಜಾಗದ ಗುರುತು. ಎರಡೂ ದಿಕ್ಕು ಏಕೆ ಎಂದು ಪುಸ್ತಕ ಹೇಳಬೇಕು. ಗಾಡಿ ಎಡಕ್ಕೆ ವಾಲುವಂಥದ್ದು, ಮೂಲೆಯಲ್ಲಿ ಕಡಿಮೆ ತಿರುಗುವಂಥದ್ದು ಎಂದಿಟ್ಟುಕೊಳ್ಳಿ. ಅಪ್ರದಕ್ಷಿಣೆ ಹೋದರೆ ಎರಡು ತಪ್ಪೂ ಒಂದನ್ನೊಂದು ತಿಂದುಹಾಕಿ ಹೊರಟಲ್ಲಿಗೇ ಬಂದು ನಿಲ್ಲಬಹುದು. ನೋಡಿದವರು ಚಪ್ಪಾಳೆ ತಟ್ಟುತ್ತಾರೆ. ಪ್ರದಕ್ಷಿಣೆ ಬಿಟ್ಟರೆ ಎರಡೂ ಸೇರಿ ಬಣ್ಣ ಬಯಲು.

ಈ ಪರೀಕ್ಷೆ ಟೈಲ್ಸ್ ನೆಲಕ್ಕೆ ಸರಿ. ಟಾಗೋರ್ ಕಡಲತೀರದ ಮರಳಿನಲ್ಲಿ ಚಕ್ರ ಜಾರುತ್ತದೆ, ಎಣಿಕೆ ಏರುತ್ತಲೇ ಇರುತ್ತದೆ. ಶಿರಸಿ ಕಡೆಯ ಹುಡುಗರಿಗೆ ಅಂಗಳದಲ್ಲಿ ಹರವಿದ ಅಡಿಕೆ ಕೈಯಾಡಿಸುವ ಗಾಡಿ ಮಾಡುವ ಆಸೆ. ಅಲ್ಲೂ ಅಷ್ಟೇ, ಚಕ್ರ ಅಡಿಕೆ ಹತ್ತಿ ಇಳಿಯುವಾಗ ಸುತ್ತು ಜಾಸ್ತಿ, ಮುಂದೆ ಹೋದದ್ದು ಕಡಿಮೆ. ಅಂಥ ತಪ್ಪನ್ನು ಅಳತೆ ತಿದ್ದಿ ಸರಿಪಡಿಸಲಾಗದು, ಬೇರೆ ಸೆನ್ಸರ್ ಬೇಕು ಎಂದು ಸ್ಪಷ್ಟವಾಗಿ ಬರೆದ ಪುಸ್ತಕಕ್ಕೆ ಒಂದು ಅಂಕ ಹೆಚ್ಚು.

ಮಳೆಗಾಲದ ಉಪ್ಪುಗಾಳಿಗೆ ಜಂಪರ್ ವಯರಿನ ಪಿನ್ ಹಸಿರುಗಟ್ಟುವುದನ್ನು ಯಾವ ಪುಸ್ತಕವೂ ಬರೆಯಲಿಕ್ಕಿಲ್ಲ, ಅದನ್ನು ನಾವೇ ಪರೀಕ್ಷಿಸಬೇಕು. ಗಾಡಿ ಎತ್ತಿ ಹಿಡಿದು ಚಕ್ರವನ್ನು ಕೈಯಲ್ಲಿ ಹತ್ತು ಸುತ್ತು ತಿರುಗಿಸಿ. 14,000ದ ಆಸುಪಾಸು ಬಾರದಿದ್ದರೆ ಸೂತ್ರ ಬಿಟ್ಟು ವಯರ್ ನೋಡಿ.

ಸೆನ್ಸರ್ ಅಧ್ಯಾಯದಲ್ಲಿ ಒಂದೇ ಪ್ರಶ್ನೆ ಕೇಳಿದರೆ ಆಯಿತು: ಪ್ರತಿಧ್ವನಿಯಿಂದ ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್‌ಗೆ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್ ಎಂದು ಕೊಟ್ಟು ಕೈತೊಳೆದುಕೊಂಡಿದ್ದಾರೆಯೇ? ಅದು 20 ಡಿಗ್ರಿ ಸೆಲ್ಸಿಯಸ್‌ನ ಮಾತು. ನಮ್ಮ ಕರಾವಳಿಯ 32 ಡಿಗ್ರಿಯಲ್ಲಿ ಅದು 351ರ ಹತ್ತಿರ. 2 ಮೀಟರ್ ದೂರದ ಗೋಡೆ 1.96ರಲ್ಲಿದೆ ಎಂದು ತೋರಿಸುತ್ತದೆ. ಮೋಟಾರ್ ಡ್ರೈವರ್ ಬಗ್ಗೆಯೂ ಹೀಗೇ: ಮೋಟಾರಿಗೆ ಕರೆಂಟ್ ಕೊಡುವ ಎಲ್298 ಚಿಪ್ ಸುಮಾರು 2 ವೋಲ್ಟ್ ತಾನೇ ನುಂಗುತ್ತದೆ, 7.4 ವೋಲ್ಟ್ ಬ್ಯಾಟರಿಯಿಂದ ಮೋಟಾರಿಗೆ ಸಿಗುವುದು ಐದು ಚಿಲ್ಲರೆ.

ಕಾಲ್ಮನ್ ಫಿಲ್ಟರ್ (ಬೇರೆ ಬೇರೆ ಅಳತೆಗಳನ್ನು ಅವುಗಳ ನಂಬಿಕೆಗೆ ತಕ್ಕಂತೆ ತೂಗಿ ಬೆರೆಸುವ ಲೆಕ್ಕ) ಬಂದ ಕೂಡಲೇ ಮ್ಯಾಟ್ರಿಕ್ಸ್ ಸುರಿದರೆ ಅರ್ಧ ತರಗತಿ ಅಲ್ಲಿಗೇ ನಿಲ್ಲುತ್ತದೆ. ಮೊದಲು ಕೈಲೆಕ್ಕ ಬೇಕು. ಓಡೋಮೆಟ್ರಿ 2.00 ಮೀಟರ್ ಎನ್ನುತ್ತದೆ, ವೇರಿಯನ್ಸ್ (ಅನಿಶ್ಚಿತತೆಯ ಅಳತೆ) 0.04. ಸೆನ್ಸರ್ 2.20 ಎನ್ನುತ್ತದೆ, ವೇರಿಯನ್ಸ್ 0.01. ಎರಡನ್ನೂ ತೂಗಿದರೆ 2.16, ವೇರಿಯನ್ಸ್ 0.008ಕ್ಕೆ ಇಳಿಯುತ್ತದೆ, ಎರಡಕ್ಕಿಂತಲೂ ಕಡಿಮೆ. ಇಂಥ ಒಂದು ಉದಾಹರಣೆ ಆದಮೇಲೆ ಮ್ಯಾಟ್ರಿಕ್ಸ್ ಬರಲಿ.

ರಾಸ್ (ರೋಬಾಟ್ ಆಪರೇಟಿಂಗ್ ಸಿಸ್ಟಂ ಎಂಬ ರೋಬಾಟ್ ತಂತ್ರಾಂಶ) ಅಧ್ಯಾಯದಲ್ಲಿ ‘ರಾಸ್‌ಕೋರ್’, ‘ಕ್ಯಾಟ್ಕಿನ್’ ಕಂಡರೆ ಅದು ರಾಸ್ 1. ಅದರ ಕೊನೆಯ ಆವೃತ್ತಿ ನೋಎಟಿಕ್‌ಗೆ 2025ರ ಮೇಯಲ್ಲಿ ಬೆಂಬಲ ನಿಂತಿದೆ. ರಾಸ್ 2ರಲ್ಲಿ ಕ್ಯಾಟ್ಕಿನ್ ಬದಲು ‘ಕೋಲ್ಕನ್’, ರಾಸ್‌ಕೋರ್ ಇಲ್ಲವೇ ಇಲ್ಲ. ಅಷ್ಟಕ್ಕೇ ಪುಸ್ತಕ ತಳ್ಳಿಹಾಕಬೇಕಿಲ್ಲ, ಚಕ್ರದ ಗಣಿತ ಹಳತಾಗುವುದಿಲ್ಲ. ಹಳೆಯ ಆವೃತ್ತಿ ಕಡಿಮೆ ಬೆಲೆಗೆ ಸಿಕ್ಕರೆ ತೆಗೆದುಕೊಂಡು, ಆ ಅಧ್ಯಾಯದ ಮೊದಲ ಪುಟಕ್ಕೆ ಚೀಟಿ ಅಂಟಿಸಿದರಾಯಿತು: ಇಲ್ಲಿಂದ ಮುಂದಿನ ಕಮಾಂಡ್‌ಗಳನ್ನು ಓದಿ, ಟೈಪ್ ಮಾಡಬೇಡಿ.