ನಡುಕಕ್ಕಿಂತ ನಿಧಾನವೇ ಹೆಚ್ಚು ಕಾಡುವ ಕಾಯಿಲೆ

ಪಾರ್ಕಿನ್ಸನ್ ಕಾಯಿಲೆ ಎಂದೊಡನೆ ಎಲ್ಲರೂ ನಡುಗುವ ಕೈಯನ್ನೇ ನೆನೆಯುತ್ತಾರೆ. ನಮ್ಮ ತಂದೆಯವರಿಗೆ ನಡುಕ ಅಷ್ಟಾಗಿ ಇಲ್ಲ. ಮೊದಲು ಅವರ ಅಕ್ಷರ ಸಣ್ಣದಾಗುತ್ತ ಹೋಯಿತು, ಒಗ್ಗರಣೆಯ ವಾಸನೆ ತಿಳಿಯದಾಯಿತು, ಅಂಗಿಯ ಗುಂಡಿ ಹಾಕಿಕೊಳ್ಳಲು ಬಹಳ ಹೊತ್ತು ಹಿಡಿಯತೊಡಗಿತು. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲೇ ವಿವರಿಸಿದ ಈ ಕಾಯಿಲೆಯಲ್ಲಿ, ಚಲನೆಗೆ ಅಗತ್ಯವಾದ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ಮಿದುಳಿನ ನರಕೋಶಗಳು ವರ್ಷಗಟ್ಟಲೆ ಸದ್ದಿಲ್ಲದೆ ನಶಿಸುತ್ತಿರುತ್ತವೆ. ಅದನ್ನು ತಡೆದು ನಿಲ್ಲಿಸುವ ಔಷಧ ಇನ್ನೂ ಇಲ್ಲ.

ಆದರೆ ಲೆವೊಡೋಪ ಇದೆ. ಮಿದುಳನ್ನು ತಲುಪಿ ಡೋಪಮೈನ್ ಆಗಿ ಬದಲಾಗುವ ಈ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ಕೊಡುವುದೇ ಮನೆಯವರ ಮುಖ್ಯ ಕೆಲಸವೆಂದು ನಾನು ನಂಬಿದ್ದೇನೆ. ಕಾಯಿಲೆ ಮುಂದುವರಿದಂತೆ ಒಂದು ಮಾತ್ರೆಯ ಪ್ರಭಾವ ಉಳಿಯುವ ಅವಧಿ ಕಡಿಮೆಯಾಗುತ್ತದೆ. ಮುಂದಿನದು ತಡವಾದರೆ, ಆಗತಾನೆ ಅಂಗಳದಲ್ಲಿ ಓಡಾಡಿಕೊಂಡಿದ್ದವರು ಕುರ್ಚಿಯಿಂದ ಏಳಲಾರದಂತಾಗುತ್ತಾರೆ. ಬೇಳೆ, ಮೊಸರು, ಮೊಟ್ಟೆಯಲ್ಲಿರುವ ಪ್ರೋಟೀನು ಈ ಔಷಧ ರಕ್ತಕ್ಕೆ ಹಾಗೂ ಮಿದುಳಿಗೆ ಸೇರುವುದಕ್ಕೆ ಅಡ್ಡಿಯಾಗಬಲ್ಲದು. ಆದ್ದರಿಂದ ನಮ್ಮ ಮನೆಯಲ್ಲಿ ವೈದ್ಯರ ಸಲಹೆಯಂತೆ ಮಾತ್ರೆ ಮೊದಲು, ಅರ್ಧ ಗಂಟೆಯ ನಂತರ ತಿಂಡಿ. ಮೊಸರನ್ನ ರಾತ್ರಿಯ ಊಟಕ್ಕೆ ಸರಿದಿದೆ.

ನಡುಮನೆಯ ಹೊಸ್ತಿಲ ಮುಂದೆ ಒಮ್ಮೊಮ್ಮೆ ಅವರ ಪಾದಗಳು ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಡುತ್ತವೆ. ಮೈ ಮುಂದಕ್ಕೆ ಬಾಗುತ್ತದೆ, ಕಾಲು ಬರುವುದಿಲ್ಲ. ಆಗ ಕೈ ಹಿಡಿದು ಎಳೆದರೆ ಬೀಳುವ ಅಪಾಯವೇ ಹೆಚ್ಚು. ಹೊಸ್ತಿಲಿನ ಈಚೆ ನೆಲದ ಮೇಲೆ ಹಳದಿ ಟೇಪನ್ನು ಅಡ್ಡಡ್ಡಲಾಗಿ ಅಂಟಿಸಿದ್ದೇವೆ. "ಗೆರೆ ದಾಟಿ ಅಪ್ಪಾ" ಎಂದರೆ, ತಾನಾಗಿ ಏಳದ ಅದೇ ಕಾಲು ಗೆರೆಯನ್ನು ನೋಡಿ ಮೇಲೇಳುತ್ತದೆ. ಕಣ್ಣಿಗೆ ಕಾಣುವ ಗುರುತು ಅಥವಾ "ಎಡ, ಬಲ" ಎಂಬ ತಾಳ ಸಿಕ್ಕಾಗ ಮಿದುಳು ಬೇರೊಂದು ದಾರಿಯಿಂದ ನಡಿಗೆಯನ್ನು ಆರಂಭಿಸುತ್ತದೆ ಎಂದು ಫಿಸಿಯೋಥೆರಪಿಸ್ಟ್ ವಿವರಿಸಿದರು.

ಬೇರೆ ಯಾವುದೇ ಕಾರಣಕ್ಕೆ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ, ಮಾತ್ರೆಗಳ ವೇಳಾಪಟ್ಟಿಯನ್ನು ಬರೆದುಕೊಂಡು ಹೋಗಿ ದಾದಿಯರಿಗೆ ಕೊಡಿ. ಲೆವೊಡೋಪವನ್ನು ದಿಢೀರನೆ ನಿಲ್ಲಿಸುವುದು ಅಪಾಯಕಾರಿ. ವಾಂತಿಗೆ ಸಾಮಾನ್ಯವಾಗಿ ಕೊಡುವ ಮೆಟೊಕ್ಲೊಪ್ರಮೈಡ್ ಡೋಪಮೈನಿನ ಕೆಲಸವನ್ನೇ ತಡೆಯುವುದರಿಂದ, ಆಸ್ಪತ್ರೆಗೆ ಸೇರಿಸಿಕೊಳ್ಳುವ ವೈದ್ಯರಿಗೆ ರೋಗಿಗೆ ಪಾರ್ಕಿನ್ಸನ್ ಇದೆಯೆಂಬುದನ್ನು ಮೊದಲೇ ತಿಳಿಸಬೇಕು.