ಉಪವಾಸ ಕೂತ ಯೀಸ್ಟ್

ಬ್ರೆಡ್ಡಿಗೆ ಹಾಕುವ ಜಾತಿಯದೇ ಯೀಸ್ಟ್. ಸಕ್ಕರೆ ಇಲ್ಲ, ನೈಟ್ರೋಜನ್ ಇಲ್ಲ, ಬರೀ ಪೊಟ್ಯಾಸಿಯಂ ಅಸಿಟೇಟ್ ಎಂಬ ಲವಣ ಬೆರೆಸಿದ ನೀರಿನಲ್ಲಿ ಬಿಟ್ಟಿದ್ದೇನೆ.

ಸುಮ್ನೆ ಸಾಯುವ ಜೀವ ಅಲ್ಲ ಇದು. ಅಸಿಟೇಟನ್ನು ಹೀರುತ್ತಾ ಹೋಗುತ್ತದೆ, ಸುತ್ತಲಿನ ನೀರಿನ ಪಿಎಚ್ ಏರುತ್ತದೆ, ಅಂದರೆ ನೀರು ಕ್ಷಾರದ ಕಡೆಗೆ ವಾಲುತ್ತದೆ. ಹೊರಗಿನಿಂದ ನೈಟ್ರೋಜನ್ ಸಿಗದಿದ್ದರೆ ತನ್ನದೇ ಹಳೇ ಪ್ರೋಟೀನುಗಳನ್ನು ಒಡೆದು ಅಮೈನೋ ಆಮ್ಲ ಮಾಡಿಕೊಳ್ಳುತ್ತದೆ, ಅದರಿಂದಲೇ ಹೊಸ ಪ್ರೋಟೀನು. ಹಳೇ ಮನೆ ಕೆಡವಿ ಅದೇ ಇಟ್ಟಿಗೆಯಲ್ಲಿ ಗೋಡೆ ಎಬ್ಬಿಸಿದ ಹಾಗೆ. ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಕೂಡಿಡುತ್ತದೆ, ಆಮೇಲೆ ಅದನ್ನೂ ಕರಗಿಸುತ್ತದೆ. ಒಣಗುವಾಗ ಕೋಶವನ್ನು ಕಾಯುವ ಟ್ರೆಹಲೋಸ್ ಎಂಬ ಸಕ್ಕರೆಯನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಒಣಗಿದರೂ ಬದುಕಬೇಕಲ್ವಾ!

ಹೊಟ್ಟೆ ತುಂಬಿದ್ದಾಗ ಇದೇ ಯೀಸ್ಟ್ ತನ್ನ ನಕಲು ಮಾಡಿಕೊಂಡು ಹಾಯಾಗಿರುತ್ತದೆ. ಜೀನುಗಳನ್ನು ಕಲಸಿ ಹೊಸದಾಗಿ ಹಂಚುವ ಕಷ್ಟಕ್ಕೆ ಕೈಹಾಕುವುದು ಹಸಿದಾಗಲೇ. ಯಾಕೋ ಇದು ತಲೆಯಿಂದ ಹೋಗುತ್ತಿಲ್ಲ.

ಕೊನೆಗೆ ಒಂದು ಕೋಶದೊಳಗೆ ಸಾಮಾನ್ಯವಾಗಿ 4 ಬೀಜಕಣ, ಅಂದರೆ ಕಷ್ಟಕಾಲ ದಾಟಲು ಗಟ್ಟಿ ಗೋಡೆಯೊಳಗೆ ನಿದ್ದೆಹೋದ ಕೋಶಗಳು. ನನಗೆ ಜಾಸ್ತಿ ಇಷ್ಟ ಅವುಗಳ ಗೋಡೆ. ತೀರಾ ಹೊರಗೆ, ಟೈರೋಸಿನ್ ಎಂಬ ಅಮೈನೋ ಆಮ್ಲದ ಅಣುಗಳನ್ನು ಎರಡೆರಡಾಗಿ ಬೆಸೆದ ಡೈಟೈರೋಸಿನ್ ಪದರ. ಅದರ ಕೆಳಗೆ ಕೈಟೋಸಾನ್ ಎಂಬ, ಸಕ್ಕರೆಯಂಥ ಅಣುಗಳ ಸರಪಳಿಯ ಪದರ. ಯುವಿ ದೀಪ ಹಿಡಿದರೆ ಡೈಟೈರೋಸಿನ್ ನೀಲಿಯಾಗಿ ಹೊಳೆಯುತ್ತದೆ. ಮಾಮೂಲಿ ಕೋಶದಲ್ಲಿ ಈ ಪದರವೇ ಇಲ್ಲ, ಹಾಗಾಗಿ ಬೀಜಕಣ ಆಗಿದೆಯಾ ಅಂತ ನೋಡಲು ಇದು ಸುಲಭದ ದಾರಿ.