ಬಿಳಿ ಮರಿ, ನೀಲಿ ಕಣ್ಣು, ಡಬಲ್ ರೇಟು

ಈಗ ಮಂಗಳೂರು-ಉಡುಪಿ ಕಡೆಯ ಯಾವ ನಾಯಿಮರಿ ವಾಟ್ಸ್ಯಾಪ್ ಗ್ರೂಪ್ ತೆಗೆದು ನೋಡಿದ್ರೂ "ರೇರ್" ಅಂತ ಒಂದು ಪೋಸ್ಟ್ ಇದ್ದೇ ಇರ್ತದೆ. ರೇರ್ ಮೆರ್ಲ್ ಪಾಮ್ (ಪಾಮರೇನಿಯನ್), ರೇರ್ ಸಿಲ್ವರ್ ಲ್ಯಾಬ್ (ಲ್ಯಾಬ್ರಡಾರ್), ರೇರ್ ವೈಟ್ ಡಾಬರ್‌ಮನ್, ನೀಲಿ ಕಣ್ಣಿನ ಡ್ಯಾಶ್‌ಹುಂಡ್. ರೇಟು ಕೇಳಿದ್ರೆ ಪರ್ಸನಲ್ ಮೆಸೇಜ್ ಮಾಡಿ ಅಂತಾರೆ, ಮಾಡಿದ್ರೆ ಮಾಮೂಲಿ ಬಣ್ಣದ ಮರಿಗೆ ಹೇಳುದರ ಡಬಲ್, ಕೆಲವು ಸಲ ಅದಕ್ಕಿಂತಲೂ ಮೇಲೆ. ಇದನ್ನು ನೋಡಿ ನೋಡಿ ನನಗೆ ಹೊಟ್ಟೆ ಉರೀತದೆ ಮಾರಾಯ್ರೆ. ಯಾಕಂದ್ರೆ ಇದರಲ್ಲಿ ಸುಮಾರು ಮರಿಗಳಿಗೆ ಆ ಬಣ್ಣ ಬಂದದ್ದೇ ಒಂದು ಜೀನ್ ಕೆಟ್ಟದ್ದರಿಂದ, ಮತ್ತೆ ಅವು ಅಪರೂಪ ಆದದ್ದು ಎಂತಕ್ಕೆ ಅಂದ್ರೆ ನಾಯಿಯ ಬಗ್ಗೆ ಗೊತ್ತಿದ್ದವರು ಅಂಥ ಮರಿ ಹುಟ್ಟಬಾರ್ದು ಅಂತ ಇಷ್ಟು ವರ್ಷ ಜಾಗ್ರತೆ ಮಾಡಿಕೊಂಡು ಬಂದದ್ದಕ್ಕೆ.

ಮೆರ್ಲ್ ಅಂದ್ರೆ ಮೈಮೇಲೆ ಬೂದು, ಕಪ್ಪು, ಬಿಳಿ ಕಲಸಿಕೊಂಡು ತೇಪೆ ತೇಪೆ ಆಗಿರುವ ಬಣ್ಣ. ಡ್ಯಾಶ್‌ಹುಂಡಲ್ಲಿ ಅದನ್ನೇ ಡ್ಯಾಪಲ್ ಅಂತ ಹೇಳುದು. ಬಣ್ಣಕ್ಕೆ ಸಂಬಂಧಪಟ್ಟ ಪಿಎಂಇಎಲ್ ಅನ್ನುವ ಜೀನಿನ ಒಳಗೆ ಒಂದು ಹೆಚ್ಚುವರಿ ಡಿಎನ್‌ಎ ತುಂಡು ಸೇರಿಕೊಂಡದ್ದರಿಂದ ಹೀಗಾಗ್ತದೆ, ಇದು ಗೊತ್ತಾದದ್ದು 2006ರಲ್ಲಿ. ಅಪ್ಪ ಅಮ್ಮನಲ್ಲಿ ಒಬ್ಬರ ಕಡೆಯಿಂದ ಮಾತ್ರ ಆ ಜೀನ್ ಬಂದ್ರೆ ಹೆಚ್ಚಿನ ಮರಿಗಳು ಆರಾಮಾಗಿರ್ತವೆ. ಎರಡೂ ಕಡೆಯಿಂದ ಬಂದ್ರೆ ಕಷ್ಟ. ಮೆರ್ಲಿಗೆ ಮೆರ್ಲ್ ಕ್ರಾಸ್ ಮಾಡಿದ್ರೆ ಹುಟ್ಟುವ ಒಂದೊಂದು ಮರಿಗೂ ಶೇಕಡಾ 25 ಚಾನ್ಸ್ ಉಂಟು ಡಬಲ್ ಮೆರ್ಲ್ ಆಗ್ಲಿಕ್ಕೆ. ಅವುಗಳಿಗೆ ಮೈಯೆಲ್ಲ ಹೆಚ್ಚುಕಮ್ಮಿ ಬಿಳಿ, ಮೂಗು ಗುಲಾಬಿ, ಕಣ್ಣು ತಿಳಿ ನೀಲಿ. ಫೋಟೋದಲ್ಲಿ ನೋಡಿದವರಿಗೆ ಕೈ ಬಿಡ್ಲಿಕ್ಕೆ ಮನಸ್ಸು ಬರುದಿಲ್ಲ.

ಆದ್ರೆ ಬಣ್ಣದ ಕೋಶಗಳು ಇರುದು ಚರ್ಮ ಚಂದ ಮಾಡ್ಲಿಕ್ಕೆ ಮಾತ್ರ ಅಲ್ಲ. ಒಳಕಿವಿಯಲ್ಲೂ ಅವು ಬೇಕು. ಅಲ್ಲಿ ಅವು ಇಲ್ಲದಿದ್ರೆ ಕಿವಿಯೊಳಗಿನ ದ್ರವದಲ್ಲಿ ಪೊಟ್ಯಾಸಿಯಮ್ ಇರಬೇಕಾದಷ್ಟು ಇರುದಿಲ್ಲ, ಶಬ್ದ ಹಿಡಿಯುವ ಸಣ್ಣ ಸಣ್ಣ ಕೋಶಗಳು ಮರಿ ಹುಟ್ಟಿ ಕೆಲವೇ ವಾರದಲ್ಲಿ ಸತ್ತುಹೋಗ್ತವೆ, ಒಮ್ಮೆ ಸತ್ತರೆ ಮುಗೀತು, ಔಷಧಿ ಇಲ್ಲ. ಕಣ್ಣಿಗೂ ಹಾಗೆ, ಗುಡ್ಡೆ ಸಣ್ಣದಾಗಿಯೇ ಉಳಿಯುದು, ಪಾಪೆ ನಡುವಿಂದ ಓರೆಗೆ ಸರಿದಿರುದು, ಕೆಲವಕ್ಕೆ ದೃಷ್ಟಿಯೇ ಇಲ್ಲ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 153 ಮೆರ್ಲ್ ನಾಯಿಗಳ ಕಿವಿ ಪರೀಕ್ಷೆ ಮಾಡಿದ್ರು, ಡಬಲ್ ಮೆರ್ಲಲ್ಲಿ ಶೇಕಡಾ 15ಕ್ಕೆ ಎರಡೂ ಕಿವಿ ಕೇಳ್ತಿರಲಿಲ್ಲ, ಇನ್ನೊಂದು ಶೇಕಡಾ 10ಕ್ಕೆ ಒಂದು ಕಿವಿ. ಅಂದ್ರೆ ಎಲ್ಲದಕ್ಕೂ ಹೀಗೇ ಆಗ್ತದೆ ಅಂತ ಅಲ್ಲ. ಆದ್ರೆ ಡಬಲ್ ಮೆರ್ಲ್ ಮರಿ ನಾಲ್ಕರಲ್ಲಿ ಒಂದಕ್ಕೆ ಕಿವಿಯ ತೊಂದರೆ ಬರುವ ಸಾಧ್ಯತೆ ಗೊತ್ತಿದ್ದೂ ಬೇಕಂತಲೇ ಕ್ರಾಸ್ ಮಾಡುದು ಎಂಥ ಕೆಲಸ ಹೇಳಿ.

ನಾನು ಇದನ್ನು ಓದ್ಲಿಕ್ಕೆ ಶುರು ಮಾಡಿದ್ದು ಚುಕ್ಕಿಯಿಂದ. ಉಡುಪಿಯ ಕುಂಜಿಬೆಟ್ಟಲ್ಲಿ ನಮ್ಮ ದೊಡ್ಡಮ್ಮನ ಮನೆ, ಅಲ್ಲಿ ಅಣ್ಣ ತಂದ ಡ್ಯಾಶ್‌ಹುಂಡ್ ಮರಿ. ಬಿಳಿ ಮೈ, ಬೆನ್ನಿಗೆ ಒಂದು ಬೂದು ತೇಪೆ, ಎರಡೂ ಕಣ್ಣು ನೀಲಿ, ಅದರಲ್ಲಿ ಎಡದ್ದು ಸ್ವಲ್ಪ ಸಣ್ಣ. ಮಾರಿದವನು "ಡಬಲ್ ಡ್ಯಾಪಲ್ ಸರ್, ಅಪ್ಪ ಅಮ್ಮ ಎರಡೂ ಡ್ಯಾಪಲ್, ನಿಮಗೆ ಇಡೀ ಜಿಲ್ಲೆಯಲ್ಲಿ ಸಿಗ್ಲಿಕ್ಕಿಲ್ಲ" ಅಂತ ಹೆಮ್ಮೆಯಲ್ಲಿ ಹೇಳಿದ್ದ, ಅಪ್ಪ ಅಮ್ಮನ ಫೋಟೋ ಸಹ ಕಳಿಸಿದ್ದ. ಮನೆಗೆ ಬಂದ ಮೇಲೆ ದೊಡ್ಡಮ್ಮನದ್ದು ದಿನಾ ಒಂದೇ ಕಂಪ್ಲೇಂಟ್, "ಎಂತ ಮಾರಾಯ ಇದು, ಕರೆದ್ರೆ ತಿರುಗಿ ಸಹ ನೋಡುದಿಲ್ಲ, ಇಷ್ಟು ಸಣ್ಣದಕ್ಕೆ ಇಷ್ಟು ಸೊಕ್ಕಾ?" ಅಂತ. ಆಮೇಲೆ ಕೃಷ್ಣಾಷ್ಟಮಿಯ ವಿಟ್ಲಪಿಂಡಿ ಬಂತು. ಹುಲಿವೇಷದವರು ನಮ್ಮ ಗಲ್ಲಿಗೂ ಬಂದ್ರು, ಗೇಟಿನ ಹತ್ತಿರವೇ ತಾಸೆ ವಾದ್ಯದ ಪೆಟ್ಟು, ಗಲ್ಲಿಯ ಕಾಟು ನಾಯಿಗಳೆಲ್ಲ ಬೊಬ್ಬೆ ಹಾಕಿ ಓಡಿಹೋದವು, ಪಕ್ಕದ ಮನೆಯ ಲ್ಯಾಬ್ ಮಂಚದಡಿ ಸೇರಿತು, ಚುಕ್ಕಿ ಜಗಲಿಯಲ್ಲಿ ಗೋಣಿಯ ಮೇಲೆ ಮಲಗಿದ್ದು ಮಲಗಿದ ಹಾಗೇ ಉಂಟು. ಹೆದರಲಿಲ್ಲ, ಕಿವಿ ಅಲುಗಲಿಲ್ಲ. ದೊಡ್ಡಮ್ಮ ಹೋಗಿ ಮೈ ಮುಟ್ಟಿದಾಗ ಮಾತ್ರ ಬೆಚ್ಚಿಬಿದ್ದು ಎದ್ದದ್ದು. ಅವತ್ತು ದೊಡ್ಡಮ್ಮ ಅದನ್ನು ಎತ್ತಿಕೊಂಡು ಅತ್ತರು.

ವೆಟ್ ಡಾಕ್ಟ್ರು ನೋಡಿ ಎರಡೂ ಕಿವಿ ಇಲ್ಲ, ಎಡಗಣ್ಣಲ್ಲಿ ದೃಷ್ಟಿ ಇಲ್ಲ ಅಂದ್ರು. ಅಣ್ಣ ಮಾರಿದವನಿಗೆ ಫೋನ್ ಮಾಡಿದ್ರೆ "ದೊಡ್ಡದಾದ ಮೇಲೆ ಸರಿ ಆಗ್ತದೆ" ಅಂತ ಹೇಳಿದ, ಎರಡನೇ ಸಲ ಮಾಡಿದಾಗ "ವಾಪಸ್ ತಂದು ಕೊಡಿ, ಬೇರೆ ಮರಿ ಕೊಡ್ತೇನೆ" ಅಂದ, ಆಮೇಲೆ ಬ್ಲಾಕ್. ವಾಪಸ್ ಕೊಟ್ಟಿದ್ರೆ ಅದರ ಗತಿ ಎಂತ ಆಗ್ತಿತ್ತು ಅಂತ ನನಗೆ ಯೋಚನೆ ಮಾಡ್ಲಿಕ್ಕೂ ಆಗುದಿಲ್ಲ. ಪುಣ್ಯಕ್ಕೆ ಆ ಮನೆಯಲ್ಲಿ ಯಾರಿಗೂ ಅದು ಬಾಯಲ್ಲೂ ಬರಲಿಲ್ಲ. ಈಗ ಊಟಕ್ಕೆ ಕರೀಲಿಕ್ಕೆ ನೆಲಕ್ಕೆ ಕಾಲು ಬಡೀತಾರೆ, ಅದುರಿದ್ದು ಗೊತ್ತಾಗಿ ಓಡಿ ಬರ್ತದೆ. ರಾತ್ರಿ ಟಾರ್ಚ್ ಎರಡು ಸಲ ಹಾಕಿ ಆಫ್ ಮಾಡಿದ್ರೆ ಒಳಗೆ ಬಾ ಅಂತ ಅರ್ಥ. ಕೈಸನ್ನೆ ಸುಮಾರು ಕಲ್ತಿದೆ. ಗೇಟು ಮಾತ್ರ ಯಾವಾಗಲೂ ಹಾಕಿಯೇ ಇರಬೇಕು, ರಸ್ತೆಗೆ ಹೋದ್ರೆ ಹಾರ್ನ್ ಕೇಳುದಿಲ್ಲ ಅಲ್ವಾ. ಕಿವಿ ಕೇಳದ ನಾಯಿಯನ್ನು ಚಂದ ಸಾಕ್ಲಿಕ್ಕೆ ಆಗ್ತದೆ, ಇದನ್ನು ಜೋರಾಗಿ ಹೇಳ್ತೇನೆ, ಈಗಾಗಲೇ ಹುಟ್ಟಿದ ಮರಿಯ ಮೇಲೆ ನನಗೆ ಯಾವ ತಕರಾರೂ ಇಲ್ಲ. ತಕರಾರು ಇರುದು ಹುಟ್ಟಿಸುವವರ ಮೇಲೆ.

ಸಿಲ್ವರ್ ಲ್ಯಾಬ್ ಕಥೆ ಬೇರೆ. ಲ್ಯಾಬಿಗೆ ಬ್ರೀಡ್ ಪ್ರಕಾರ ಇರುದು ಕಪ್ಪು, ಹಳದಿ, ಚಾಕಲೇಟ್ ಮೂರೇ ಬಣ್ಣ. ಸಿಲ್ವರ್ ಅಂತ ಹೇಳುದು ಬಣ್ಣ ತೆಳು ಮಾಡುವ ಇನ್ನೊಂದು ಜೀನ್ ಎರಡೂ ಕಡೆಯಿಂದ ಬಂದ ಚಾಕಲೇಟ್ ಲ್ಯಾಬಿಗೆ. ಅಂಥ ತೆಳು ಬಣ್ಣದ ನಾಯಿಗಳಲ್ಲಿ ಕೆಲವಕ್ಕೆ ಆರು ತಿಂಗಳು ಕಳೆದ ಮೇಲೆ ಯಾವಾಗ ಬೇಕಾದ್ರೂ ಬೆನ್ನಿನ ಕೂದಲು ಉದುರ್ಲಿಕ್ಕೆ ಶುರು ಆಗ್ತದೆ, ಚರ್ಮ ಒಣಗಿ ಕಜ್ಜಿ, ಅದರ ಮೇಲೆ ಇನ್‌ಫೆಕ್ಷನ್. ಗುಣ ಆಗುದಿಲ್ಲ, ಜೀವಮಾನ ಇಡೀ ನೋಡಿಕೊಳ್ಳಬೇಕು. ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ನಮ್ಮ ಊರಲ್ಲಿ, ಜೂನ್ ಬಂದ್ರೆ ಗೋಡೆಯೇ ಬೂಷ್ಟು ಹಿಡೀತದೆ, ಒಳ್ಳೆ ಚರ್ಮದ ನಾಯಿಗೇ ಮಳೆಗಾಲದಲ್ಲಿ ಫಂಗಸ್ ತಪ್ಪುದಿಲ್ಲ, ಇನ್ನು ಇದರ ಪಾಡು ಕೇಳಬೇಡಿ.

ಬಿಳಿ ಡಾಬರ್‌ಮನ್ ಅಂತೂ ಇನ್ನೂ ಬೇಜಾರಿನದ್ದು. 1976ರಲ್ಲಿ ಅಮೆರಿಕದಲ್ಲಿ ಕಪ್ಪು ಅಪ್ಪ ಅಮ್ಮನಿಗೆ ಒಂದು ಬಿಳಿ ಹೆಣ್ಣುಮರಿ ಹುಟ್ಟಿತು, ಅದಕ್ಕೆ ಶೀಬಾ ಅಂತ ಹೆಸರಿಟ್ರು. ಅದೇ ಬಣ್ಣ ಪುನಃ ಬರಬೇಕು ಅಂತ ಅದರ ಸಂತಾನದ ಒಳಗೊಳಗೇ ಕ್ರಾಸ್ ಮಾಡಿಸಿದ್ರು, ಇವತ್ತಿನ ಬಿಳಿ ಡಾಬರ್‌ಮನ್ ಸಾಲು ಅಲ್ಲಿಂದ ಬಂದದ್ದು. ಅದು ಒಂದು ತರದ ಆಲ್ಬಿನಿಸಂ ಅಂತ 2014ರಲ್ಲಿ ಜೀನ್ ಸಮೇತ ಗೊತ್ತಾಯ್ತು. ಬಿಸಿಲಿಗೆ ಕಣ್ಣು ಬಿಡ್ಲಿಕ್ಕೆ ಆಗುದಿಲ್ಲ, ಚರ್ಮದಲ್ಲಿ ಗಡ್ಡೆ ಆಗುದು ಜಾಸ್ತಿ. ಮಲ್ಪೆ ಪಣಂಬೂರಿನ ಏಪ್ರಿಲ್ ಬಿಸಿಲಿಗೆ ಅದನ್ನು ತಂದು ಕಟ್ಟಿಹಾಕುದು ಅಂದ್ರೆ ಹಿಂಸೆ, ಬೇರೆ ಹೆಸರಿಲ್ಲ.

ಒಂದು ಮಾತು ಹೇಳದಿದ್ರೆ ತಪ್ಪಾಗ್ತದೆ, ನೀಲಿ ಕಣ್ಣೆಲ್ಲ ರೋಗ ಅಲ್ಲ. ಹಸ್ಕಿಗೆ ನೀಲಿ ಕಣ್ಣು ಸಹಜ, ಅದು ಬೇರೆಯೇ ಜೀನ್, ಅದಕ್ಕೂ ಕಿವಿಗೂ ಸಂಬಂಧ ಇಲ್ಲ. (ಹಸ್ಕಿಯನ್ನು ಈ ಸೆಕೆಯಲ್ಲಿ ಸಾಕಬಾರ್ದು ಅನ್ನುದು ಇನ್ನೊಂದು ವಿಷಯ, ಅದನ್ನು ಬೇರೆ ದಿನ ಬರೀತೇನೆ.)

ಹಾಗಾಗಿ ಅಡ್ವಾನ್ಸ್ ಹಾಕುವ ಮೊದಲು ಮರಿಯ ಫೋಟೋ ಅಲ್ಲ, ಅಪ್ಪ ಅಮ್ಮನನ್ನು ಕೇಳಿ. ಎರಡೂ ಮೆರ್ಲ್ ಅಥವಾ ಡ್ಯಾಪಲ್ ಅಂತಾದ್ರೆ ಅಲ್ಲಿಂದಲೇ ವಾಪಸ್ ಬನ್ನಿ. ಕ್ರೀಮ್ ಬಣ್ಣದ ಪಾಮಲ್ಲಿ ಮೆರ್ಲ್ ಅಡಗಿ ಕೂತಿರಬಹುದು, ಕಣ್ಣಿಗೆ ಕಾಣುದಿಲ್ಲ, ಅಲ್ಲಿ ಜೀನ್ ಟೆಸ್ಟ್ ರಿಪೋರ್ಟೇ ಬೇಕು. ಮರಿಯನ್ನು ಹೋಗಿ ನೋಡಿ, ಬಸ್ಸಿಗೆ ಬಾಕ್ಸಲ್ಲಿ ಹಾಕಿ ಕಳಿಸ್ತೇನೆ ಅಂದ್ರೆ ಒಪ್ಪಬೇಡಿ. ಅದು ನಿದ್ದೆಯಲ್ಲಿರುವಾಗ ಹಿಂದಿನಿಂದ ಕೀ ಗೊಂಚಲು ಅಲ್ಲಾಡಿಸಿ, ನೆಲ ಅದುರಬಾರ್ದು, ಗಾಳಿ ತಾಗಬಾರ್ದು. ಬೇರೆ ಮರಿಗಳು ಎದ್ದು ಇದೊಂದೇ ಏಳದಿದ್ರೆ ಡಾಕ್ಟ್ರಿಗೆ ತೋರಿಸದೆ ದುಡ್ಡು ಕೊಡಬೇಡಿ. ಒಂದೇ ಕಿವಿ ಹೋದದ್ದು ಇದರಲ್ಲಿ ಗೊತ್ತಾಗುದಿಲ್ಲ, ಅದಕ್ಕೆ ಬೇರೆ ಪರೀಕ್ಷೆ ಉಂಟು.

ಕಾನೂನು ಇಲ್ಲದ್ದಲ್ಲ. ನಾಯಿ ಬ್ರೀಡಿಂಗಿಗೆ ಅಂತಲೇ 2017ರಲ್ಲಿ ಕೇಂದ್ರದ ನಿಯಮ ಬಂದಿದೆ. ಬ್ರೀಡರ್ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ರಿಜಿಸ್ಟರ್ ಆಗಿರಬೇಕು, ಹೆಣ್ಣು ನಾಯಿಗೆ 18 ತಿಂಗಳು ಆಗುವ ಮೊದಲು ಕ್ರಾಸ್ ಮಾಡಿಸಬಾರ್ದು, ಜೀವಮಾನಕ್ಕೆ ಐದು ಸೂಲಿಗಿಂತ ಜಾಸ್ತಿ ಇಲ್ಲ, ಎಂಟು ವಾರ ಆಗದ ಮರಿ ಮಾರುವ ಹಾಗಿಲ್ಲ. ರಿಜಿಸ್ಟ್ರೇಷನ್ ನಂಬರ್ ಕೊಡಿ ಅಂತ ಒಂದು ಸಲ ಕೇಳಿ ನೋಡಿ, ಅಲ್ಲೇ ಸುಮಾರು ಜನ ಮೆಸೇಜಿಗೆ ರಿಪ್ಲೈ ಮಾಡುದು ನಿಲ್ಲಿಸ್ತಾರೆ.

ಚುಕ್ಕಿಯ ಅಮ್ಮನಿಗೆ ಈಗ ಪುನಃ ಮರಿ ಆಗ್ಲಿಕ್ಕುಂಟು, ಗಂಡೂ ಅದೇ ಡ್ಯಾಪಲ್, "ಬುಕಿಂಗ್ ಓಪನ್" ಅಂತ ಸ್ಟೇಟಸ್ ಹಾಕಿದ್ದನ್ನು ಪರಿಚಯದವರೊಬ್ಬರು ನಮಗೆ ಕಳಿಸಿದ್ರು. ಅಣ್ಣ ಚಾಟ್, ದುಡ್ಡು ಹಾಕಿದ ರಸೀದಿ, ಡಾಕ್ಟ್ರ ರಿಪೋರ್ಟ್ ಎಲ್ಲ ಒಟ್ಟು ಮಾಡಿ ಮಂಡಳಿಗೂ ಪೊಲೀಸ್ ಸ್ಟೇಷನ್ನಿಗೂ ಕಂಪ್ಲೇಂಟ್ ಬರೀತಾ ಇದ್ದಾನೆ, ನಾನು ಟೈಪ್ ಮಾಡಿ ಕೊಡ್ತಿದ್ದೇನೆ. ಚುಕ್ಕಿಯ ಒಡಹುಟ್ಟಿದ ಮರಿಗಳು ಎಲ್ಲೆಲ್ಲಿ ಹೋಗಿವೆಯೋ ನಮಗೆ ಗೊತ್ತಿಲ್ಲ. ನಿಮ್ಮ ಮನೆಯಲ್ಲೂ ಹೀಗೆ ತಂದ ಬಿಳಿ ಡ್ಯಾಶ್ ಇದ್ದು ಕರೆದ್ರೆ ತಿರುಗದಿದ್ರೆ ದಯಮಾಡಿ ಬೈಬೇಡಿ, ಮೊದಲು ಡಾಕ್ಟ್ರಿಗೆ ತೋರಿಸಿ, ರಿಪೋರ್ಟ್ ಜೋಪಾನ ಮಾಡಿ ಇಟ್ಟುಕೊಂಡು ನನಗೊಂದು ಮೆಸೇಜ್ ಮಾಡಿ. ನಾಲ್ಕು ಮನೆಯವರು ಒಟ್ಟಿಗೆ ಸಹಿ ಹಾಕಿದ್ರೆ ಕಂಪ್ಲೇಂಟಿಗೆ ಬಲ ಬರ್ತದೆ.